ಮೂರನೇ ಸಾಲು, ಕಿಟಕಿಯ ಪಕ್ಕ

ಎಡತೋಳು ಅಂಗಿಯೊಳಗೆ ಹೋಗುತ್ತಿರಲಿಲ್ಲ. ಕೈ ಆಗಲೇ ಸೆಟೆದುಕೊಂಡಿತ್ತು. ಮಗಳು ಅಮ್ಮನ ಮೊಣಕೈ ಹಿಡಿದು ಮೆಲ್ಲಗೆ ಎಳೆಯುತ್ತಿದ್ದಳು, ಚಿಕ್ಕಮ್ಮ ಹಿಂದಿನಿಂದ ಬಟ್ಟೆ ನೂಕುತ್ತಿದ್ದಳು. ಮುಂಗೈ ಮೇಲೆ ಇಸ್ತ್ರಿಪೆಟ್ಟಿಗೆ ತಾಗಿ ಸುಟ್ಟ ಹಳೆಯ ಗುರುತುಗಳು ಸಾಲಾಗಿ ಕಾಣುತ್ತಿದ್ದವು.

“ಬೆನ್ನ ಹತ್ರ ಮಡಿಕೆ ಬಿತ್ತು ನೋಡು,” ಎಂದಳು ಚಿಕ್ಕಮ್ಮ. “ನಲವತ್ತು ವರ್ಷ ಊರೋರ ಸುಕ್ಕೆಲ್ಲ ತೆಗೆದೋಳು. ಇವಳನ್ನ ಸುಕ್ಕಲ್ಲಿ ಕಳಿಸಿದ್ರೆ ಎದ್ದು ಕೂತು ಬೈತಾಳೆ ಕಣೇ.”

ಮಗಳಿಗೆ ನಗು ಬಂತು, ಅದರ ಬೆನ್ನಿಗೇ ಅಳು. ಲಾಂಡ್ರಿಯಲ್ಲಿ ನಿಂತೇ ಬದುಕು ಸವೆಸಿದ ಅಮ್ಮನನ್ನು ಚರ್ಚಿನ ಸಭೆಯವರೆಲ್ಲ ಇಸ್ತ್ರಿಯಮ್ಮ ಎಂದೇ ಕರೆಯುತ್ತಿದ್ದರು. ಅವಳಿಗೆ ಅವಳಪ್ಪ ಇಟ್ಟ ಹೆಸರನ್ನು ಇವತ್ತು ಪಾಸ್ಟರು ಓದಿದರೆ ಅರ್ಧ ಜನ ‘ಅದ್ಯಾರಪ್ಪ’ ಎಂದು ಪಕ್ಕದವರ ಮುಖ ನೋಡುವುದು ಖಂಡಿತ.

ಬಾಗಿಲ ಬಳಿ ಚರ್ಚಿನ ಕಾರ್ಯದರ್ಶಿ ಕೆಮ್ಮಿದರು. “ಪೆಟ್ಟಿಗೆ ಬಂತಮ್ಮ. ಮೂರು ಗಂಟೆಗೆ ಆರಾಧನೆ. ಅಂದ ಹಾಗೆ, ಬೈಂಡರ್ ತಾತನ್ನ ಕರ್ಕೊಂಡ್ ಬರೋಕೆ ನೀನೇ ಯಾರಿಗಾದ್ರೂ ಹೇಳಿದೀಯ ತಾನೆ?”

ಗುಂಡಿ ಹಾಕುತ್ತಿದ್ದ ಬೆರಳು ನಿಂತುಹೋಯಿತು.

“ಹ್ಞೂಂ. ಬರ್ತಾರೆ,” ಎಂದಳು.

ಮಾತು ತಾನಾಗಿಯೇ ಬಾಯಿಂದ ಜಾರಿತ್ತು. ಕಾರ್ಯದರ್ಶಿ ಅತ್ತ ಹೋದರು. ತಾತನನ್ನು ಕರೆತರಲು ಅವಳು ಯಾರಿಗೂ ಹೇಳಿರಲಿಲ್ಲ. ಅಷ್ಟೇ ಆಗಿದ್ದರೆ ಈಗಲೂ ಹೇಳಬಹುದಿತ್ತು. ಮಂಗಳವಾರದಿಂದ ಆ ಮುದುಕನ ಮನೆಗೆ ಯಾರೂ ಹೋಗಿರಲಿಲ್ಲ, ಮತ್ತು ಅದು ಅವಳೊಬ್ಬಳಿಗೆ ಮಾತ್ರ ಗೊತ್ತಿತ್ತು. ಇವತ್ತು ಶನಿವಾರ.

*

ಬುಧವಾರ ಬೆಳಿಗ್ಗೆ ಅಮ್ಮ ಇಸ್ತ್ರಿಮೇಜಿನ ಮುಂದೆಯೇ ಕುಸಿದಿದ್ದಳು. ಗುರುವಾರ ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಾಗ ಬಾಯಿ ಒಂದು ಕಡೆ ವಾಲಿತ್ತು, ಮಾತು ತೊದಲುತ್ತಿತ್ತು. ಮಗಳು ಕಿವಿಯನ್ನು ಅವಳ ಬಾಯಿಗೆ ಹಿಡಿದಳು. ತನ್ನ ಬಗ್ಗೆ ಏನಾದರೂ ಹೇಳುತ್ತಾಳೆ ಎಂದು ಅವಳ ಆಸೆ.

“ತಾತ... ಮಾತ್ರೆ...”

ಬೈಂಡರ್ ತಾತನಿಗೆ ಎಂಬತ್ತು ದಾಟಿತ್ತು. ಪುಸ್ತಕಕ್ಕೆ ರಟ್ಟು ಕಟ್ಟಿ ಕಟ್ಟಿ ಕಣ್ಣು ಹೋಗಿತ್ತು, ಈಗ ಬೆಳಕು ಕತ್ತಲೆಗಳಷ್ಟೇ ತಿಳಿಯುತ್ತಿದ್ದವು. ಮುಚ್ಚಿಹೋದ ಒಂದು ಪ್ರೆಸ್ಸಿನ ಮೂರನೇ ಮಹಡಿಯಲ್ಲಿ ಒಬ್ಬನೇ ಇದ್ದ. ಕೊಳಾಯಿ ಕೆಳಗೆ. ಅಮ್ಮ ದಿನ ಬಿಟ್ಟು ದಿನ ಹತ್ತಿ ಹೋಗಿ ಎರಡು ಕೊಡ ನೀರು ತುಂಬಿಡುತ್ತಿದ್ದಳು, ಬ್ರೆಡ್ ಇಡುತ್ತಿದ್ದಳು. ಬೆಳಗಿನ ಮಾತ್ರೆಯನ್ನು ತಗಡಿನ ಲೋಟಕ್ಕೂ ರಾತ್ರಿಯದನ್ನು ಗಾಜಿನ ಲೋಟಕ್ಕೂ ಹಾಕಿಡುತ್ತಿದ್ದಳು, ಅವನು ಮುಟ್ಟಿ ತಿಳಿಯಲಿ ಎಂದು. ಭಾನುವಾರ ತೋಳು ಹಿಡಿದು ಚರ್ಚಿಗೆ ಕರೆತಂದು ಮೂರನೇ ಸಾಲಿನ ಕಿಟಕಿಯ ಪಕ್ಕ ಕೂರಿಸುತ್ತಿದ್ದಳು. ಬೇರೆ ಯಾರೂ ಅವನ ತಂಟೆಗೆ ಹೋಗುತ್ತಿರಲಿಲ್ಲ. ಕೀರ್ತನೆ ಪುಸ್ತಕಗಳನ್ನು ಹೊಲಿಯುವ ಬದಲು ಪಿನ್ನು ಹೊಡೆಸಿದರು ಎಂದು ಆರು ವರ್ಷದ ಹಿಂದೆ ಕಮಿಟಿಯವರನ್ನೆಲ್ಲ ಹೆಸರು ಹಿಡಿದು ಬೈದಿದ್ದ. ಅವನ ಬಾಯಿಗೆ ಬೀಳುವುದು ಯಾರಿಗೆ ಬೇಕು?

ಮಗಳಿಗೂ ಬೇಕಿರಲಿಲ್ಲ. ಮನೆಗೆ ಮಾರಿ, ಊರಿಗೆ ಉಪಕಾರಿ ಎಂದು ಅವಳು ಅಮ್ಮನ ಮುಖಕ್ಕೇ ಹೇಳಿದ್ದಳು, ಒಂದಲ್ಲ ಹತ್ತು ಸಲ. ಅಮ್ಮ ಯಾರದೋ ಮನೆಯ ಬಾಣಂತಿಗೋ ರೋಗಿಗೋ ಗಂಜಿ ಕುಡಿಸಿ ಬರುವಷ್ಟರಲ್ಲಿ ಇವಳು ತಣ್ಣಗಾದ ಅನ್ನ ತಿಂದು ಮಲಗಿರುತ್ತಿದ್ದಳು.

“ಹೋಗ್ಬಂದೆ ಅಮ್ಮ,” ಎಂದಳು ಆಸ್ಪತ್ರೆಯಲ್ಲಿ. “ಮಾತ್ರೆ ಹಾಕಿಟ್ಟೆ. ನೀರೂ ತುಂಬಿಸಿದೆ.”

ಸಂಜೆ ಹೋದರಾಯಿತು ಎಂದುಕೊಂಡಿದ್ದಳು. ಸಂಜೆ ಡಾಕ್ಟರು ಬಂದರು, ಸ್ಕ್ಯಾನ್ ಅಂದರು, ಔಷಧಿ ತನ್ನಿ ಅಂದರು. ಶುಕ್ರವಾರ ಕಾರ್ಯದರ್ಶಿ ನೋಡಲು ಬಂದವರು ಮಂಚದ ಪಕ್ಕದಲ್ಲೇ ನಿಂತು, “ತಾತನ ಹತ್ರ ಯಾರಾದ್ರೂ ಹೋಗ್ಬೇಕಾ? ಬೇಕಿದ್ರೆ ನಾನೇ ಹೋಗ್ತೀನಮ್ಮ, ಬೈದ್ರೆ ಬೈಸ್ಕೋತೀನಿ,” ಎಂದರು.

ಅಮ್ಮನ ಕಣ್ಣು ಮಗಳ ಮೇಲೇ ನೆಟ್ಟಿತ್ತು. ಹೌದು ಎಂದರೆ ನಿನ್ನೆಯ ಸುಳ್ಳು ಅಮ್ಮನೆದುರೇ ಬಯಲಾಗುತ್ತಿತ್ತು.

“ಬೇಡಿ ಅಂಕಲ್. ನಾನೇ ನೋಡ್ಕೋತಿದೀನಿ,” ಎಂದಳು. ಸಾಲದ್ದಕ್ಕೆ ಸೇರಿಸಿದಳು: “ಇಸ್ತ್ರಿಯಮ್ಮ ಎಲ್ಲಿ ಸತ್ಲು ಅಂತ ಕೇಳ್ದ ಆ ಮುದುಕ. ಕಾಲು ಸುಟ್ಟ ಬೆಕ್ಕಿನ ಹಾಗೆ ತಿರುಗ್ತಿದಾಳೆ ಅಂದೆ.”

ಅಮ್ಮ ನಕ್ಕಳು. ವಾಲಿದ ಬಾಯಿಯ ಅರ್ಧ ನಗು. ಆಮೇಲೆ ಅವಳು ಏನನ್ನೂ ಕೇಳಲಿಲ್ಲ. ಬೆಳಗಾಗುವಷ್ಟರಲ್ಲಿ ಹೋಗಿಬಿಟ್ಟಿದ್ದಳು.

*

ಚರ್ಚು ತುಂಬಿತ್ತು. ಬೇಕರಿಯವನು ಬಾಗಿಲು ಹಾಕಿ ಬಂದಿದ್ದ, ಅವನ ಏಪ್ರನ್ನಿನ ಹಿಟ್ಟು ಇನ್ನೂ ಹೋಗಿರಲಿಲ್ಲ. ಲಾಂಡ್ರಿಯ ಮಾಲೀಕ ಬಂದಿದ್ದ. ಊರುಗೋಲಿನವರು, ಕಂಕುಳಲ್ಲಿ ಕೂಸು ಎತ್ತಿಕೊಂಡವರು, ವರ್ಷಕ್ಕೊಮ್ಮೆ ಮುಖ ತೋರಿಸುವವರು, ಎಲ್ಲರೂ ಇದ್ದರು.

ಮಗಳು ಮುಂದಿನ ಸಾಲಿನಲ್ಲಿ ಕೂರಲಿಲ್ಲ. ಹಿಂದಿನ ಬೆಂಚಿಗೆ ಬಂದಳು. ಅದು ಅಮ್ಮನ ಜಾಗ. ಅಮ್ಮ ಅಲ್ಲಿ ಕೂತು ಬೆನ್ನುಗಳನ್ನು ಎಣಿಸುತ್ತಿದ್ದಳು. ಪಾಸ್ಟರು ಮೇಲಕ್ಕೆ ನೋಡುತ್ತಿದ್ದರೆ ಇವಳು ಬೆಂಚು ನೋಡುತ್ತಾಳೆ ಎಂದು ಜನ ತಮಾಷೆ ಮಾಡುತ್ತಿದ್ದರು. ಯಾವ ಬೆನ್ನು ಕಾಣಲಿಲ್ಲವೋ ಆ ಮನೆಯ ಬಾಗಿಲು ಮಧ್ಯಾಹ್ನದೊಳಗೆ ತಟ್ಟಬೇಕು, ಇದು ಅವಳ ಕಾನೂನು. ಜ್ವರವಿದ್ದರೆ ಜ್ವರ, ಗಂಡ ಹೆಂಡಿರ ಜಗಳವಿದ್ದರೆ ಜಗಳ, ಬರೀ ಸೋಮಾರಿತನವಾದರೆ ಎರಡು ಬೈಗುಳ. ನಲವತ್ತು ವರ್ಷ ಅವಳು ಇದನ್ನು ಮಾಡಿದ್ದರಿಂದ ಬೇರೆ ಯಾರಿಗೂ ಎಣಿಸುವ ಅಭ್ಯಾಸವೇ ಆಗಿರಲಿಲ್ಲ.

ಈಗ ಮಗಳು ಎಣಿಸಬೇಕಾಗಿಯೂ ಇರಲಿಲ್ಲ. ಮೂರನೇ ಸಾಲಿನ ಕಿಟಕಿಯ ಪಕ್ಕ ಬಿಸಿಲು ಬಿದ್ದಿತ್ತು. ಬೆಂಚಿನ ಮರ ಹೊಳೆಯುತ್ತಿತ್ತು. ಅಷ್ಟು ಜನ ಹಿಂದೆ ನಿಂತಿದ್ದರೂ ಆ ಜಾಗದಲ್ಲಿ ಯಾರೂ ಕೂತಿರಲಿಲ್ಲ, ತಾತ ಬರುತ್ತಾನೆಂದು ಬಿಟ್ಟಿದ್ದರು.

ಮೊದಲ ಕೀರ್ತನೆ ಮುಗಿಯಿತು. ತಾತ ಮಲಗಿರಬಹುದು, ಮುದುಕರಲ್ಲವೇ ಎಂದು ತನಗೆ ತಾನೇ ಹೇಳಿಕೊಂಡಳು. ಆಮೇಲೆ ನೀರಿನ ಲೆಕ್ಕ ಬಂತು. ಎರಡು ಕೊಡ, ಎರಡು ದಿನ. ಗುರುವಾರಕ್ಕೆ ಮುಗಿದಿರುತ್ತದೆ. ಮಾತ್ರೆ ಅದಕ್ಕೂ ಮೊದಲೇ. ಮೂರು ಮಹಡಿ ಇಳಿಯಲು ಹೋಗಿ ಬಿದ್ದಿದ್ದರೆ? ಅಂಗೈ ಬೆವರಿ ಕೀರ್ತನೆ ಪುಸ್ತಕದ ರಟ್ಟು ಅಂಟಿಕೊಂಡಿತು. ಮಧ್ಯಾಹ್ನ ಕಾರ್ಯದರ್ಶಿ ಕೇಳಿದಾಗಲಾದರೂ ಬಾಯಿ ಬಿಡಬಹುದಿತ್ತು. ಈಗ ಬಿಟ್ಟರೆ ಇಷ್ಟೂ ಜನರ ಮುಂದೆ ಬಿಡಬೇಕು, ಪೆಟ್ಟಿಗೆಯೊಳಗಿನ ಅಮ್ಮನ ಮುಂದೆ ಬಿಡಬೇಕು.

ಪಕ್ಕದಲ್ಲಿ ಕೂತಿದ್ದ ನರ್ಸಕ್ಕ ಅವಳ ಕೈ ಮುಟ್ಟಿದಳು. “ಯಾಕೆ, ಇಷ್ಟು ತಣ್ಣಗಿದೀಯ? ನೀರು ತರ್ಲಾ?”

“ಅಕ್ಕಾ, ಒಬ್ಬರು ನೀರಿಲ್ದೆ ಎಷ್ಟು ದಿನ ಇರಬಹುದು?”

“ಏನು ಕೇಳ್ತಿದೀಯ?”

“ವಯಸ್ಸಾದೋರು. ಎರಡು ದಿನ ಇರ್ತಾರಾ?”

ನರ್ಸಕ್ಕ ಅವಳ ಮುಖ ನೋಡಿದಳು, ಆಮೇಲೆ ಅವಳು ನೋಡುತ್ತಿದ್ದ ಕಡೆ ನೋಡಿದಳು. “ಅಯ್ಯೋ ದೇವರೇ. ಎದ್ದು ಹೇಳು. ನೀನು ಹೇಳ್ತೀಯೋ, ನಾನು ಹೇಳ್ಲೋ?”

ಮುಂದೆ ಪಾಸ್ಟರು ಪುಸ್ತಕ ತೆರೆದು ಅಮ್ಮನ ಹೆಸರು ಓದಿದರು. ಜನ ‘ಅದ್ಯಾರು’ ಎಂದು ಪಿಸುಗುಟ್ಟುವಷ್ಟರಲ್ಲಿ ಮಗಳು ಎದ್ದು ನಿಂತಳು. ಮುಂದಿನ ಬೆಂಚನ್ನು ಹಿಡಿದುಕೊಂಡಳು.

“ನಾನು ಹೋಗಿಲ್ಲ,” ಎಂದಳು.

ತಲೆಗಳು ತಿರುಗಿದವು. ದುಃಖಕ್ಕೆ ಬುದ್ಧಿ ಕೆಟ್ಟಿದೆ ಎಂದುಕೊಂಡು ಚಿಕ್ಕಮ್ಮ ಓಡಿ ಬಂದಳು.

“ತಾತನ ಮನೆಗೆ. ಹೋಗಿದೀನಿ ಅಂತ ಅಮ್ಮನಿಗೆ ಸುಳ್ಳು ಹೇಳ್ದೆ. ಅಂಕಲ್ ಹೋಗ್ತೀನಿ ಅಂದಾಗ್ಲೂ ಬೇಡ ಅಂದೆ. ಮಂಗಳವಾರದಿಂದ ಯಾರೂ ಹೋಗಿಲ್ಲ.”

ಕಾರ್ಯದರ್ಶಿ ಬೆಂಚಿನಿಂದ ಅರ್ಧ ಎದ್ದು, “ನಾನು ಹೋಗ್ತೀನಿ ಅಂದ್ನಲ್ಲಮ್ಮ,” ಎಂದರು. ಸಿಟ್ಟಿರಲಿಲ್ಲ, ಅವರ ದನಿಯಲ್ಲೂ ಭಯವೇ ಇತ್ತು. “ಬೇಡ ಅಂದಾಗ ನನಗೆ ಒಳಗೊಳಗೇ ಸಮಾಧಾನ ಆಗಿತ್ತು. ನಿಜ ಹೇಳ್ತೀನಿ.”

ಪಾಸ್ಟರು ಪುಸ್ತಕ ಮುಚ್ಚಿ ಪೆಟ್ಟಿಗೆಯ ಕಡೆ ನೋಡಿದರು. “ಈಯಮ್ಮ ಇದ್ದಿದ್ರೆ ಇಷ್ಟೊತ್ತಿಗೆ ಅರ್ಧ ದಾರಿಲಿರ್ತಿದ್ರು. ಏಳಿ ಎಲ್ಲರೂ. ಮನೆ ಯಾವುದು ಅಂತ ಯಾರಿಗೆ ಗೊತ್ತು?”

ಪ್ರೆಸ್ಸಿನ ಬೀದಿ ಎಂದು ಎಲ್ಲರಿಗೂ ಗೊತ್ತಿತ್ತು. ಯಾವ ಬಾಗಿಲು ಎಂದು ನೂರಿಪ್ಪತ್ತು ಜನರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

“ನನಗೆ ಗೊತ್ತು,” ಎಂದಳು ಮಗಳು. ಚಿಕ್ಕಂದಿನಲ್ಲಿ ಅಮ್ಮನ ಹಿಂದೆ ಒಮ್ಮೆ ಆ ಮೆಟ್ಟಿಲು ಹತ್ತಿದ್ದಳು.

ಪೆಟ್ಟಿಗೆಯ ಹತ್ತಿರ ಚಿಕ್ಕಮ್ಮ ಒಬ್ಬಳೇ ಉಳಿದಳು. ಉಳಿದವರೆಲ್ಲ ಹೊರಟರು.

*

ಮೆಟ್ಟಿಲು ಕಿರಿದಾಗಿತ್ತು, ಒಬ್ಬರ ಹಿಂದೆ ಒಬ್ಬರು ಹೋಗಬೇಕು. ಮಗಳು ಮುಂದೆ, ಅವಳ ಹಿಂದೆ ನರ್ಸಕ್ಕ, ಅವರ ಹಿಂದೆ ಏದುಸಿರು ಬಿಡುತ್ತ ಕಾರ್ಯದರ್ಶಿ. ಮೇಲೆ ಏನೂ ಕೇಳಿಸುತ್ತಿರಲಿಲ್ಲ. ಎರಡನೇ ಮಹಡಿಯಲ್ಲಿ ಅವಳು ನಿಂತಳು.

“ನನ್ನಿಂದಾಗಲ್ಲ ಅಕ್ಕ. ನೀವು ಮೊದಲು ಹೋಗಿ.”

“ಜಾಗ ಎಲ್ಲಿದೆ ನಾನು ಮುಂದೆ ಹೋಗೋಕೆ? ನಡಿ.”

ಬಾಗಿಲಿಗೆ ಚಿಲಕ ಹಾಕಿರಲಿಲ್ಲ. ತಳ್ಳಿದರೆ ಎರಡು ಬೆರಳಿನಷ್ಟು ತೆರೆದು ಏನಕ್ಕೋ ತಾಗಿ ನಿಂತಿತು. ಆ ಸಂದಿಯಿಂದ ಮುಗ್ಗಲು ವಾಸನೆ ಬಂತು. ಮಗಳು ಬಗ್ಗಿ ನೋಡಿದಳು. ಬಾಗಿಲಿಗೆ ಒರಗಿದ ಒಂದು ಭುಜ, ನೆಲದ ಮೇಲೆ ಒಂದು ಅಂಗೈ. ಅಂಗೈ ಮೇಲಾಗಿ ಬಿದ್ದಿತ್ತು.

“ತಾತ,” ಎಂದಳು. “ತಾತಾ!”

ಬೆರಳುಗಳು ಅಲುಗಿದವೋ, ತನ್ನ ಕಣ್ಣೇ ನಡುಗಿತೋ ಅವಳಿಗೆ ತಿಳಿಯಲಿಲ್ಲ. ಸಂದಿಯಲ್ಲಿ ಕೈ ತೂರಿಸಿ ಆ ಅಂಗೈ ಹಿಡಿದಳು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಒಣಗಿದ ಐದು ಬೆರಳು ಅವಳ ಕೈಯನ್ನು ನಿಧಾನವಾಗಿ ಮುಚ್ಚಿದವು.

“ಇದಾರೆ,” ಎಂದಳು. ಅಷ್ಟೇ ಹೇಳಲಾಯಿತು. ಹಿಂದಿದ್ದವರು ಅದನ್ನು ಕೆಳಗಿನವರಿಗೆ, ಅವರು ಬೀದಿಯವರಿಗೆ ಹೇಳಿದರು. ಇದಾರಂತೆ, ಇದಾರಂತೆ ಎಂದು ಮಾತು ಮೂರು ಮಹಡಿ ಇಳಿಯಿತು.

ಬಾಗಿಲನ್ನು ಮೆಲ್ಲಗೆ ಇನ್ನಷ್ಟು ಒತ್ತಿ ನರ್ಸಕ್ಕ ಒಳಗೆ ನುಸುಳಿ ನಾಡಿ ಹಿಡಿದಳು, ಕೆಳಗಿನಿಂದ ತರಿಸಿದ ನೀರಲ್ಲಿ ಬಟ್ಟೆ ಅದ್ದಿ ತುಟಿ ಒರೆಸಿ ಹನಿಹನಿಯಾಗಿ ನೀರು ಹಾಕಿದಳು. ಕೈಕಾಲು ಮುಟ್ಟಿ ನೋಡಿದಳು. “ಮೂಳೆ ಮುರಿದಿಲ್ಲ. ಆದ್ರೆ ಬೇಗ ಆಸ್ಪತ್ರೆಗೆ ಹೋಗ್ಬೇಕು, ಹೊತ್ತಿಲ್ಲ. ಆಂಬುಲೆನ್ಸ್‌ಗೆ ಹೇಳಿ. ಕುರ್ಚಿ ಮೇಲೆ ಕೂರಿಸಿ ಇಳಿಸೋಣ.”

ಮೆಟ್ಟಿಲಲ್ಲಿ ಇಬ್ಬರು ಅಕ್ಕಪಕ್ಕ ನಿಲ್ಲಲು ಜಾಗವಿರಲಿಲ್ಲ. ಹಾಗಾಗಿ ಯಾರೂ ಹೊತ್ತುಕೊಂಡು ಇಳಿಯಲಾಗದು ಎಂದು ಬೇಕರಿಯವನು ಹೇಳಿದ, ಹಿಟ್ಟಿನ ಮೂಟೆ ಇಳಿಸುವ ಹಾಗೆ ಕೈಯಿಂದ ಕೈಗೆ ಸಾಗಿಸಬೇಕು. ಜನ ಮೆಟ್ಟಿಲಿಗೊಬ್ಬರಂತೆ ಗೋಡೆಗೆ ಬೆನ್ನು ಕೊಟ್ಟು ನಿಂತರು. ಕುರ್ಚಿ ಹೊರಟಿತು. ಮಗಳು ಅದಕ್ಕೂ ಮೊದಲೇ ಅವರ ಮುಂದಿನಿಂದ ನುಸುಳಿ ಇಳಿದು ಕೊನೆಯ ಮೆಟ್ಟಿಲಿನಲ್ಲಿ ನಿಂತಿದ್ದಳು. ಅವಳ ಆಚೆ ಬೀದಿ.

ಮೊದಲ ತಿರುವಿನಲ್ಲಿ ತಾತ ಕಣ್ಣು ಬಿಟ್ಟ. ಅವನ ಕೈ ಎದುರಿಗಿದ್ದವರ ಮುಖಕ್ಕೆ ಹೋಯಿತು.

“ಯಾರಿದು?”

“ನಾನು ತಾತ. ಕಾರ್ಯದರ್ಶಿ.”

“ಪಿನ್ನು ಹೊಡೆಸಿದೋನು,” ಎಂದ ತಾತ. ಕಾರ್ಯದರ್ಶಿ ಅತ್ತುಬಿಟ್ಟರು.

ಕುರ್ಚಿ ಒಂದು ಮೆಟ್ಟಿಲು ಇಳಿಯಿತು. “ಇದ್ಯಾರು?”

“ಬೇಕರಿಯವನು.”

“ಇದು?”

“ಪಾಸ್ಟರ್, ತಾತ.”

“ಇದು?”

“ಲಾಂಡ್ರಿ. ಇಸ್ತ್ರಿಯಮ್ಮನ ಲಾಂಡ್ರಿಯವನು.”

ಪ್ರತಿ ಮೆಟ್ಟಿಲಿನಲ್ಲೂ ಆ ಕೈ ಒಂದು ಮುಖ ಸವರಿತು, ಒಂದು ಭುಜ ಹಿಡಿಯಿತು, ಮುಂದಿನವರಿಗೆ ಚಾಚಿತು. ಕಡೆಗೆ ಮಗಳ ಮುಖಕ್ಕೆ ಬಂತು. ಹಣೆ, ಮೂಗು, ಕೆನ್ನೆ. ಕೆನ್ನೆ ಒದ್ದೆಯಾಗಿತ್ತು.

“ನಾನು ತಾತ. ಅವಳ ಮಗಳು.”

“ಎಲ್ಲರೂ ಬಂದಿದೀರಿ,” ಎಂದ ತಾತ. ತಲೆ ಒಂದು ಕಡೆ ವಾಲಿಸಿ ಯಾರದೋ ಹೆಜ್ಜೆ ಸಪ್ಪಳಕ್ಕೆ ಕಿವಿಗೊಟ್ಟ. “ಅವಳೆಲ್ಲಿ?”

ತಾತ ಮಗಳ ಭುಜ ಬಿಟ್ಟು ಕೈಯನ್ನು ಇನ್ನೂ ಮುಂದಕ್ಕೆ ಚಾಚಿದ. ಅಲ್ಲಿ ಮೆಟ್ಟಿಲಿರಲಿಲ್ಲ, ಯಾರೂ ಇರಲಿಲ್ಲ. ಅವನ ಬೆರಳುಗಳು ಬೀದಿಯ ಬಿಸಿಲಿನಲ್ಲಿ ಮುಂದಿನ ಮುಖವನ್ನು ಹುಡುಕುತ್ತಿದ್ದವು.