ಬಿಲ್ಲೆ ತುಂಬಲೆಂಬ ಹರಕೆ

ನಮ್ಮಣ್ಣ ಗಾದಿಲಿಂಗಪ್ಪ ಊರಿಗೆ ಯಾವಾಗ ಬರುತ್ತಾನೆ ಎಂದು ಯಾರಾದರೂ ಕೇಳಿದರೆ ಅತ್ತಿಗೆ ಯಂಕವ್ವ, “ಅವರ ಬಿಲ್ಲಿ ತುಂಬಿದಾಗ” ಎನ್ನುತ್ತಿದ್ದಳು. ನಮ್ಮೂರು ಅಳವಂಡಿಯ ಹೆಂಗಸರು ಬಾವಿಕಟ್ಟೆಯ ಮೇಲೆ ನಗುತ್ತಿದ್ದರು.

“ನಿನ್ನ ಗಂಡನ ಬಿಲ್ಲಿ ಏನ್ ಕೆರಿ ಏನವಾ, ಮಳಿ ಬಂದ್ರ ತುಂಬಾಕ?”

“ನಿಮಗೇನ್ ಗೊತ್ತೈತಿ? ನಿಮ್ಮ ಗಂಡಂದಿರು ಕುಂತಲ್ಲೇ ಕುಂತಾರ” ಎಂದು ಅತ್ತಿಗೆ ಕೊಡ ಎತ್ತಿಕೊಳ್ಳುತ್ತಿದ್ದಳು. ಅವಳ ಹಿಂದೆ ನಾನು ಸಣ್ಣ ಕೊಡ ಹೊತ್ತು ಸುಮ್ಮನೆ ನಡೆಯುತ್ತಿದ್ದೆ. ಅವ್ವ ತೀರಿದ ಮೇಲೆ ಸಾಲೆ ಬಿಟ್ಟ ನನಗೆ ನಾಲ್ಕು ಜನರ ನಡುವೆ ಬಾಯಿ ಏಳುತ್ತಿರಲಿಲ್ಲ.

ಅಣ್ಣ ಗಂಗಾವತಿಯ ಅಕ್ಕಿ ಗಿರಣಿಗಳಲ್ಲಿ ಬಾಯ್ಲರ್ ವೆಲ್ಡಿಂಗ್ ಕಲಿತವನು. ಅಲ್ಲಿಯೇ ಅವನಿಗೆ ಗೆಳೆಯನಾದವನು ಶಫೀಸಾಬ. ಒಬ್ಬ ಗುತ್ತೇದಾರ ಇಬ್ಬರ ಕೈಚಳಕ ನೋಡಿ, ದೂರದ ಒಂದು ಅಣು ವಿದ್ಯುತ್ ಸ್ಥಾವರದ ರಿಪೇರಿಗೆ ಕರೆದುಕೊಂಡು ಹೋಗಿದ್ದ. ಅಲ್ಲಿ ಒಳಗೆ ಹೋಗುವವರ ಎದೆಗೆ ಒಂದು ಬಿಲ್ಲೆ ಸಿಕ್ಕಿಸುತ್ತಾರಂತೆ. ಅದು ತುಂಬಿತೆಂದರೆ ಆ ವರ್ಷ ಮತ್ತೆ ಒಳಗೆ ಬಿಡುವುದಿಲ್ಲ, ಊರಿಗೆ ಕಳಿಸುತ್ತಾರೆ. ಅದರಲ್ಲಿ ತುಂಬುವುದೇನು ಎಂದು ಅತ್ತಿಗೆ ಕೇಳಿದಾಗ ಅಣ್ಣ, “ಕೆಲಸ” ಎಂದಿದ್ದ. ಅವಳು ನಂಬಿದಳು. ನಾನೂ ನಂಬಿದೆ.

ಊರಿಗೆ ಬಂದಾಗ ಅವನು ಕಟ್ಟೆಯ ಮೇಲೆ ಶೇಂಗಾ ಬೀಜ ಇಟ್ಟು ದೇಶದ ಅಣು ಕಾರ್ಖಾನೆಗಳನ್ನೆಲ್ಲ ತೋರಿಸುತ್ತಿದ್ದ. “ಇದು ಸಮುದ್ರದ ದಂಡಿಗೆ, ಹೊರದೇಶದವರು ಕಟ್ಟಿಕೊಟ್ಟಿದ್ದು. ಇದು ಮರಳುಗಾಡಿನ ಕಡೆ. ಇದನ್ನ ಕಟ್ಟಾಕ ಬಂದವರು ಅರ್ಧಕ್ಕ ಬಿಟ್ಟು ಹೋದ್ರು, ಉಳಿದದ್ದು ನಮ್ಮವರ ಮುಗಿಸಿದ್ರು. ಇದು ನೋಡ್ರಿ, ಮದ್ರಾಸಿನ ಹತ್ರ. ಪೂರಾ ನಮ್ಮ ಮಂದಿ ಕಟ್ಟಾಕತ್ಯಾರ.” ಅವನು ದುಡಿಯುತ್ತಿದ್ದುದು ಹಳೆಯದರಲ್ಲಿ. ಯಾವುದೆಂದು ನಾನು ಕೇಳಲಿಲ್ಲ. ನನಗೆ ಎಲ್ಲವೂ ಒಂದೇ ದೂರ.

“ಹಳೇವು ಮನಷ್ಯಾರಂಗ, ಯಮನೂರಿ” ಎಂದು ನನಗೆ ಹೇಳುತ್ತಿದ್ದ. “ಹೊರಗಿಂದ ಗಟ್ಟಿಮುಟ್ಟ ಕಾಣತಾವ. ಒಳಗ ಪೈಪು ಸವದಿರತಾವ, ಕೀಲು ಸೋರತಾವ. ಒಬ್ಬಾಂವ ತೆವಳಿಕೊಂಡು ಹೋಗಿ ಒಂದೀಟು ಬೆಸಿಗಿ ಹಾಕಿ ಓಡಿ ಬರಬೇಕು, ಆಮ್ಯಾಲ ಇನ್ನೊಬ್ಬಾಂವ. ವಯಸ್ಸಾದಂಗೆಲ್ಲಾ ಅವಕ್ಕ ಮಂದಿ ಹೆಚ್ಚ ಬೇಕು.”

ಅದು ನಮ್ಮ ಮನೆಯಲ್ಲೂ ಕಾಣುತ್ತಿತ್ತು; ಬಿಲ್ಲೆ ಪ್ರತಿ ಸಲ ಮೊದಲಿಗಿಂತ ಬೇಗ ತುಂಬುತ್ತಿತ್ತು. ಮೊದಲ ವರ್ಷ ಅಣ್ಣ ಬಂದಾಗ ದೀಪಾವಳಿ ಮುಗಿದಿತ್ತು. ಮುಂದೆ ದಸರೆಗೇ ಬಂದ. ಅದರ ಮುಂದಿನ ವರ್ಷ ನಾಗರ ಪಂಚಮಿಯ ಉಂಡೆ ಕಟ್ಟುವಾಗಲೇ ಬಾಗಿಲಲ್ಲಿ ನಿಂತಿದ್ದ. ಅತ್ತಿಗೆಯ ಮುಖ ವರ್ಷದಿಂದ ವರ್ಷಕ್ಕೆ ಅರಳುತ್ತಿತ್ತು. ಅಣ್ಣ ಮಾತ್ರ ಬಂದ ಮೇಲೆ ಬಹಳ ಹೊತ್ತು ಮಲಗುತ್ತಿದ್ದ.

ಅವನ ಮನಸ್ಸೆಲ್ಲ ಮದ್ರಾಸಿನ ಹತ್ತಿರದ ಆ ಶೇಂಗಾ ಬೀಜದ ಮೇಲಿತ್ತು. ಹೊಸ ಸ್ಥಾವರ, ಖಾಯಂ ನೌಕರಿ, ಇರಲು ಕ್ವಾಟ್ರಸು. “ನಲ್ಲಿ ತಿರುವಿದ್ರ ಅಡಿಗಿಮನಿಯಾಗ ನೀರು. ಇಬ್ಬರ್ನೂ ಕರಕೊಂಡು ಹೊಕ್ಕೀನಿ. ಸಮುದ್ರ ತೋರಸ್ತೀನಿ” ಎಂದಿದ್ದ. ಅತ್ತಿಗೆ ಕೊಪ್ಪಳದಿಂದ ಟ್ರಂಕು ತರಿಸಿ, ಹೊಸ ಕೌದಿ ಹೊಲಿದು ಅದರಲ್ಲಿಟ್ಟಳು.

ಆ ಸ್ಥಾವರ ಚಾಲೂ ಆಯಿತೆಂದು ರೇಡಿಯೋದಲ್ಲಿ ಹೇಳಿದ ದಿನ ಅತ್ತಿಗೆ ನನಗೆ ಸಕ್ಕರೆ ತಿನ್ನಿಸಿದಳು. ಹಳೆಯದರಲ್ಲಿ ಕೊನೆಯ ಪಾಳಿ ಮುಗಿಸಿ, ಹೊಸದರಲ್ಲಿ ಕೇಳಿಕೊಂಡು ಬರುತ್ತೇನೆಂದು ಅಣ್ಣ ಹೋದ.

ಯುಗಾದಿಗೂ ಮೊದಲೇ ಬಂದುಬಿಟ್ಟ. ಜೊತೆಗೆ ಶಫೀಸಾಬನೂ ಇದ್ದ. ಅತ್ತಿಗೆ ಬಾವಿಗೆ ಹೋಗಿದ್ದಳು. ನಾನು ಚಹಾಕ್ಕೆ ಇಟ್ಟೆ.

“ಸುಮ್ನ ಯಾಕ ಕುಂತೀಯೋ? ಮನ್ಯಾಗ ಹೇಳಬೇಕಲ್ಲ” ಎಂದ ಶಫೀಸಾಬ.

“ಏನಂತ ಹೇಳಲಿ?”

ಶಫೀಸಾಬ ನನ್ನ ಕಡೆ ತಿರುಗಿದ. “ಹೊಸಾದ್ರಾಗ ಇವನ್ನ ತಗೊಳ್ಳಲಿಲ್ಲ ತಂಗಿ. ಇಷ್ಟು ವರ್ಷದ್ದೆಲ್ಲಾ ಕೂಡಿಸಿ ನೋಡಿದ್ರು. ಇವನ ಪಾಲಿಂದು ತುಂಬೇತಿ. ಇನ್ನ ಯಾವ ಅಣು ಕಾರ್ಖಾನಿ ಒಳಗೂ ಬಿಡಂಗಿಲ್ಲ. ಅವರಿಗೆ ಎಂದೂ ಒಳಗ ಹೋಗದ ಹುಡುಗ್ರು ಬೇಕಂತ.”

ನನಗೇ ಗೊತ್ತಿಲ್ಲದೆ ಬಾಯಿಂದ ಮಾತು ಬಂತು. “ಅಣ್ಣಾ, ಏನ್ ತುಂಬತೈತಿ ಅದರಾಗ?”

ಈ ಸಲ ಅವನು ಕೆಲಸ ಎನ್ನಲಿಲ್ಲ. “ಕಣ್ಣಿಗೆ ಕಾಣದಂಥಾ ಒಂದು ಬಿಸಿ, ಯಮನೂರಿ. ಮೈಯಾಗ ಎಷ್ಟು ಹೊಕ್ಕೈತಿ ಅಂತ ಬಿಲ್ಲಿ ಹೇಳತೈತಿ. ಹೊಕ್ಕಿದ್ದನ್ನ ತಗಿಯಾಕ ಬರಂಗಿಲ್ಲ.”

“ಮುಂದ ಏನರ ಆಕ್ಕೈತೇನು?”

“ಆದ್ರ ಆತು, ಇಲ್ಲಾಂದ್ರ ಇಲ್ಲ. ಡಾಕ್ಟರ್ರೂ ಅಷ್ಟ ಹೇಳ್ಯಾರ.” ಅವನು ತನ್ನ ಅಂಗೈ ನೋಡಿಕೊಂಡ. “ಆ ಹಳೇದು ಐತೆಲ್ಲ, ಅದಕ್ಕ ಹೊಸ ಪೈಪು ಹಾಕಿ ಮತ್ತ ಚಾಲೂ ಮಾಡ್ಯಾರ. ಇನ್ನೂ ಭಾಳ ವರ್ಷ ನಡೀತೈತಂತ.”

ಬಾಗಿಲಲ್ಲಿ ಕೊಡ ಇಳಿಸಿದ ಸದ್ದಾಯಿತು. ಅತ್ತಿಗೆ ಗಂಡನನ್ನು ನೋಡಿ, ಸೆರಗಿನಿಂದ ಮುಖ ಒರೆಸಿಕೊಂಡು ನಿಂತಳು. “ಇಷ್ಟ ಲಗೂ ಬಂದ್ರಿ?”

“ಬಿಲ್ಲಿ ತುಂಬಿತು” ಎಂದ ಅಣ್ಣ. “ಇನ್ನ ಹೋಗೂದಿಲ್ಲ. ಹಳೇದಕ್ಕೂ ಇಲ್ಲ, ಹೊಸಾದಕ್ಕೂ ಇಲ್ಲ. ಇಲ್ಲೇ ಇರ್ತೀನಿ.”

ಅವಳ ಕಣ್ಣು ಒಮ್ಮೆ ಮೂಲೆಯ ಟ್ರಂಕಿನ ಕಡೆ ಹೋಯಿತು. ಆಮೇಲೆ ಎರಡೂ ಕೈ ಜೋಡಿಸಿ ಹಣೆಗೆ ಒತ್ತಿಕೊಂಡಳು.

“ಹುಲಿಗೆವ್ವ ಕೇಳಿದಳ್ರೀ! ಪ್ರತಿ ವರ್ಷ ನೀವು ಹೋದ ದಿನ ಬೇಡಿಕೊಳ್ಳತಿದ್ದೆ. ಅವರ ಬಿಲ್ಲಿ ಲಗೂ ತುಂಬಲಿ ತಾಯಿ, ಒಮ್ಮಿ ಪೂರಾ ತುಂಬಿ ಮನ್ಯಾಗ ಇರೂವಂಗ ಆಗಲಿ, ಹೊಳಿಯಿಂದ ನಿನ್ನ ಬಾಗಿಲ ತನಕ ದೀಡ ನಮಸ್ಕಾರ ಹಾಕತೀನಿ ಅಂತ. ನಲ್ಲಿ ನೀರು ಹೋದ್ರ ಹೋಗಲಿ ಬಿಡ್ರಿ.”

ಶಫೀಸಾಬ ಬಾಯಿಗೆ ಒಯ್ದ ಚಹಾದ ಬಸಿಯನ್ನು ಹಾಗೆಯೇ ಕೆಳಗಿಟ್ಟ. ನಾನು ಒಲೆಯ ಕಡೆ ಮುಖ ತಿರುಗಿಸಿದೆ. ಅಣ್ಣ ಈಗ ಹೇಳುತ್ತಾನೆ, ಈಗ ಹೇಳುತ್ತಾನೆ ಎಂದು ಕಾದೆ.

“ಹಂಗಂದ್ರ ತೀರಸಬೇಕಲ್ಲ” ಎಂದ ಅವನು. “ಮಂಗಳವಾರ ಹೋಗೂನು.”

ಮಂಗಳವಾರ ಆ ದೇವಿಯ ಊರು ಹುಲಿಗಿಗೆ ಹೋದೆವು. ಅತ್ತಿಗೆ ಹೊಳೆಯಲ್ಲಿ ಮುಳುಗಿ ಎದ್ದು, ಒದ್ದೆ ಸೀರೆಯಲ್ಲೇ ನೆಲಕ್ಕೆ ಬಿದ್ದು ಕೈ ಮುಂದೆ ಚಾಚಿದಳು. ಬೆರಳು ಮುಟ್ಟಿದಲ್ಲಿ ಅಣ್ಣ ಕೋಲಿನಿಂದ ಗೀಟು ಎಳೆದ. ಅವಳು ಎದ್ದು ಆ ಗೀಟಿನ ಮೇಲೆ ನಿಂತು ಮತ್ತೆ ಬಿದ್ದಳು. ನಾನು ನೀರಿನ ತಂಬಿಗೆ ಹಿಡಿದು ಪಕ್ಕದಲ್ಲಿ ನಡೆದೆ.

ಬಿಸಿಲೇರಿತು. ಅವಳ ಮೊಣಕೈ ತರಚಿ ಕೆಂಪಾಯಿತು. ಅಣ್ಣನಿಗೂ ಉಸಿರು ಹತ್ತುತ್ತಿತ್ತು. ಕೋಲಿಗೆ ಭಾರ ಕೊಟ್ಟು ನಿಂತು ನಿಂತು ಬರುತ್ತಿದ್ದ. ಗುಡಿ ಇನ್ನೂ ದೂರವಿತ್ತು. ಆಗ ಅವನು ಗೀಟನ್ನು ಅವಳ ಬೆರಳಿಗಿಂತ ಒಂದು ಮೊಳ ಮುಂದೆ ಎಳೆಯುವುದನ್ನು ಕಂಡೆ. ಇನ್ನೊಂದು ಸಲವೂ ಹಾಗೆಯೇ ಎಳೆದ.

ಮೂರನೆಯ ಸಲ ಅತ್ತಿಗೆ ಮಣ್ಣಿನಿಂದ ಮುಖ ಎತ್ತಿದಳು.

“ಮುಂದ ಎಳೀಬ್ಯಾಡ್ರಿ. ಆಕಿ ನಮಗ ಏನೂ ಕಡಿಮಿ ಮಾಡಿಲ್ಲ.”

ಅಣ್ಣ ಎಳೆದ ಗೀಟನ್ನು ಕಾಲಿನಿಂದ ಅಳಿಸಿದ. ಬಾಗಿ, ಅವಳ ಬೆರಳ ತುದಿಗೆ ಕೋಲು ತಾಗಿಸಿ, ಹೊಸದಾಗಿ ಎಳೆದ.