ಕೆಡದೆ ನಿಂತ ಮನೆಗಾಡಿ

ಗಂಡನನ್ನು ಬಿಟ್ಟುಹೋಗುವ ವಿಷಯವನ್ನು ಗಂಡನಿಗೆ ಹೇಳಬೇಕೆಂದರೆ ಮೊದಲು ಅವನು ಕೈಗೆ ಸಿಗಬೇಕಲ್ಲ. ವೈಟ್‌ಹಾರ್ಸ್‌ನಲ್ಲಿ ಲೈಲ್ ಕೈಗೆ ಸಿಗುವ ಪ್ರಾಣಿಯೇ ಅಲ್ಲ. ಬೆಳಗಾದರೆ ಯಾರದೋ ಪಿಕಪ್ಪಿನ ಅಡಿಯಲ್ಲಿ, ಮಧ್ಯಾಹ್ನ ಯಾರದೋ ದೋಣಿಯ ಮೋಟಾರಿನೊಳಗೆ, ಸಂಜೆ ಯಾರದೋ ಹಿಮಗಾಡಿಯ ಮೇಲೆ. ರಸ್ತೆ ಇಲಾಖೆಯ ಗ್ಯಾರೇಜಿನಿಂದ ನಿವೃತ್ತನಾದ ಮೇಲಂತೂ ಕೇಳುವುದೇ ಬೇಡ, ಊರಿನ ಗಾಡಿಗಳೆಲ್ಲ ಇವನ ಪಾಲಿಗೆ ಸ್ವಂತ ಮಕ್ಕಳಾದವು. ಊಟದ ಹೊತ್ತಿಗೆ ಮನೆಗೆ ಬಂದರೂ ಮೈ ಮಾತ್ರ ಬರುತ್ತಿತ್ತು, ಮನಸ್ಸು ಇನ್ನೂ ಯಾವುದೋ ಗೇರ್‌ಬಾಕ್ಸಿನೊಳಗೆ ಸಿಕ್ಕಿಕೊಂಡಿರುತ್ತಿತ್ತು.

ಅದಕ್ಕೇ ಅವನ ಹೆಂಡತಿ ನೋರೀನ್ ಈ ಪ್ರವಾಸ ಹೂಡಿದ್ದು. ನಮ್ಮ ಹಳೇ ಮನೆಗಾಡಿಯಲ್ಲಿ ಡೆಂಪ್‌ಸ್ಟರ್ ರಸ್ತೆ ಹಿಡಿದು ಉತ್ತರದ ತುದಿಯ ಇನೂವಿಕ್‌ವರೆಗೆ ಹೋಗಿಬರೋಣ ಎಂದು ಚಳಿಗಾಲವಿಡೀ ಗಂಡನ ಬೆನ್ನು ಹತ್ತಿದಳು. ಹಾಸಿಗೆ, ಒಲೆ, ಕಕ್ಕಸು ಎಲ್ಲ ಗಾಡಿಯೊಳಗೇ ಇದ್ದಮೇಲೆ ಪುಣ್ಯಾತ್ಮ ತಪ್ಪಿಸಿಕೊಂಡು ಎಲ್ಲಿಗೆ ಹೋಗುತ್ತಾನೆ? ದಾರಿಯಲ್ಲಿ ಒಂದು ಕಡೆ ನಿಲ್ಲಿಸಿ ವಿಷಯ ಹೇಳುವುದು, ಮರುದಿನ ಸಂಜೆ ಇನೂವಿಕ್‌ನಲ್ಲಿ ವಿಮಾನ ಹತ್ತಿ ಸಸ್ಕಟೂನಿನ ತಂಗಿಯ ಮನೆಗೆ ಹೋಗಿಬಿಡುವುದು. ಗಾಡಿಯನ್ನು ಅವನೊಬ್ಬನೇ ವಾಪಸು ತರಲಿ, ದಾರಿಯಲ್ಲಿ ಕೆಟ್ಟು ನಿಂತವರಿಗೇನು ಬರ. ಟಿಕೆಟ್ಟು ಅವಳ ಕೈಚೀಲದಲ್ಲಿತ್ತು. ಆದರೆ ಹೇಳದೆ ಕೇಳದೆ ಓಡಿಹೋಗುವ ಹೆಂಗಸು ಅವಳಲ್ಲ. ಅವನ ಮುಖಕ್ಕೆ ಮುಖ ಕೊಟ್ಟು ಹೇಳಿಯೇ ಹೋಗಬೇಕು.

ಹೇಳುವುದಕ್ಕೆ ಗಾಡಿ ನಿಲ್ಲಬೇಕಿತ್ತು. ಆ ಜಲ್ಲಿಯ ರಸ್ತೆಯಲ್ಲಿ ಮನೆಗಾಡಿ ಓಡುವಾಗ ಪಾತ್ರೆ, ಬೀರು, ಒಲೆಯ ಮುಚ್ಚಳ ಎಲ್ಲ ಸೇರಿ ಎಬ್ಬಿಸುವ ಗದ್ದಲದಲ್ಲಿ "ಉಪ್ಪು ಕೊಡು" ಅನ್ನುವುದಕ್ಕೂ ಕಿರುಚಬೇಕು. ಮೂವತ್ತು ವರ್ಷದ ಸಂಸಾರವನ್ನು ಕಿರುಚಿ ಮುಗಿಸುವುದು ಅವಳಿಗೆ ಇಷ್ಟವಿರಲಿಲ್ಲ.

ಹೊರಟ ಎರಡನೆಯ ದಿನ ಬೆಳಿಗ್ಗೆ ಟೂಂಬ್‌ಸ್ಟೋನ್ ಬೆಟ್ಟಗಳು ಕಾಣುವ ಕಡೆ ಮೊದಲ ಸಲ ನಿಲ್ಲಿಸಲು ಹೇಳಿದಳು. ಲೈಲ್ ಇಂಜಿನ್ ಆರಿಸಿದ. ನೋರೀನ್ ಉಸಿರು ಎಳೆದುಕೊಂಡಳು. ಅಷ್ಟರಲ್ಲಿ ಹಿಂದುಗಡೆ ಧೂಳೆದ್ದಿತು.

ಆಗ ಅವಳಿಗೆ ನೆನಪಾಯಿತು, ಇಷ್ಟೆಲ್ಲ ಲೆಕ್ಕ ಹಾಕಿದವಳು ಒಂದನ್ನೇ ಮರೆತಿದ್ದೇನೆಂದು. ಆ ರಸ್ತೆಯಲ್ಲಿ ನಿಂತ ಗಾಡಿಯನ್ನು ಯಾರೂ ದಾಟಿ ಹೋಗುವುದಿಲ್ಲ. ಮಳೆಯಿರಲಿ, ಹಿಮವಿರಲಿ, ಬಂದವನು ನಿಲ್ಲಬೇಕು, ಕೇಳಬೇಕು, ನಿಂತದ್ದು ಹೊರಡುವ ತನಕ ತಾನೂ ಹೊರಡಬಾರದು. ಅವಳ ಗಂಡ ಇದೇ ನೇಮವನ್ನು ಊರೊಳಗೂ ಪಾಲಿಸಿ ಅವಳ ಹೊಟ್ಟೆ ಉರಿಸಿದವನು.

ಬಂದವನು ಲಾರಿಯ ಡುವೇನ್, ಇನೂವಿಕ್‌ಗೆ ದಿನಸಿ ಸಾಗಿಸುವವನು, ಪರಿಚಯದವನೇ.

"ಏನಾಯ್ತು ಲೈಲ್?"

"ಏನಿಲ್ಲ ಮಾರಾಯ, ಸುಮ್ನೆ ನಿಲ್ಸಿದ್ವಿ."

ಡುವೇನ್ ಅವನನ್ನು ಅಯ್ಯೋ ಪಾಪ ಎನ್ನುವಂತೆ ನೋಡಿದ. ಆ ರಸ್ತೆಯಲ್ಲಿ ಸುಮ್ಮನೆ ನಿಲ್ಲುವವರು ಯಾರಿದ್ದಾರೆ? "ಪೆಟ್ರೋಲ್ ಖಾಲಿ ಆಯ್ತು ಅನ್ನೋಕೆ ನಾಚ್ಕೆ ಯಾಕೋ? ಯಾರಿಗಾದ್ರೂ ಆಗುತ್ತಪ್ಪ" ಎಂದು ಕ್ಯಾನು ಇಳಿಸಿಯೇಬಿಟ್ಟ.

"ಟ್ಯಾಂಕ್ ತುಂಬಿದೆ ಡುವೇನ್! ಮುಳ್ಳು ನೋಡು ಬೇಕಾದ್ರೆ!" ಎಂದಳು ನೋರೀನ್ ಕಿಟಕಿಯಿಂದ.

"ಮುಳ್ಳನ್ನೆಲ್ಲ ನಂಬ್ಬೇಡಿ ಅಕ್ಕಾ. ಹಾಗೆ ನಂಬಿ ಹೋದೋರೇ ನಡುದಾರೀಲಿ ಕೂತಿರೋದು."

ತುಂಬಿದ ಟ್ಯಾಂಕಿಗೆ ಪೆಟ್ರೋಲು ಸುರಿದ. ಅದು ಉಕ್ಕಿ ಅವನ ಬೂಟಿನ ಮೇಲೆ ಹರಿಯಿತು. "ಹಾಂ, ಈಗ ತುಂಬ್ತು ನೋಡಿ" ಎಂದು ತೃಪ್ತಿಯಿಂದ ಮುಚ್ಚಳ ಹಾಕಿದ. ಇವರು ಹೊರಡುವ ತನಕ ಅವನೂ ಹೊರಡಲಿಲ್ಲ. ನೋರೀನ್ ಹಲ್ಲು ಕಚ್ಚಿಕೊಂಡು ಕುಳಿತಳು.

ಮಧ್ಯಾಹ್ನ ಈಗಲ್ ಪ್ಲೇನ್ಸ್ ದಾಟಿದ ಮೇಲೆ ಮರಗಳು ಮೊಣಕಾಲುದ್ದಕ್ಕೆ ಇಳಿದು, ಸುತ್ತ ಬರೀ ಬಯಲು. ಮುಂದೆ ಹಿಂದೆ ಒಂದು ನರಪಿಳ್ಳೆಯಿಲ್ಲ. ಇಲ್ಲಿ ಆಗದಿದ್ದರೆ ಇನ್ನೆಲ್ಲೂ ಆಗುವುದಿಲ್ಲ ಎಂದುಕೊಂಡಳು.

"ನಿಲ್ಸು."

"ಮತ್ಯಾಕೆ?"

"ನಿಲ್ಸು ಅಂದೆ. ಇಂಜಿನ್ ಆರ್ಸು. ನನ್ ಕಡೆ ತಿರುಗು."

ಲೈಲ್ ತಿರುಗಿದ. ಅವನ ಮುಖದಲ್ಲಿ, ಕೆಟ್ಟ ಸುದ್ದಿ ಬರುತ್ತದೆಂದು ಗೊತ್ತಿದ್ದೂ ಫೋನು ಎತ್ತುವವನ ಕಳೆಯಿತ್ತು. "ಲೈಲ್, ನಾನು..." ಎನ್ನುವಷ್ಟರಲ್ಲಿ ಯಾರೋ ಕಿಟಕಿಯ ಗಾಜು ಬಡಿದರು. ರಸ್ತೆಯ ತಿರುವಿನಾಚೆ ಹಕ್ಕಿಯ ಫೋಟೋ ತೆಗೆಯುತ್ತಿದ್ದ ಜರ್ಮನಿಯ ಪ್ರವಾಸಿ, ಹೆಸರು ಊವೆ. ಜೊತೆಗೆ ಹೆಂಡತಿ ಗಿಸೆಲಾ.

"ದಯವಿಟ್ಟು ಗಾಬರಿಯಾಗಬೇಡಿ. ನಾವು ಬಂದಿದ್ದೇವೆ" ಎಂದ ಊವೆ.

ಪಾಪ, ಅವರು ಈ ರಸ್ತೆಯ ನೇಮವನ್ನು ಪ್ರವಾಸದ ಪುಸ್ತಕದಲ್ಲಿ ಓದಿಕೊಂಡೇ ಬಂದಿದ್ದರು. ಇಷ್ಟು ದೂರ ಬಂದರೂ ಅವರಿಗೆ ಕೆಟ್ಟು ನಿಂತ ಗಾಡಿ ಒಂದೂ ಸಿಕ್ಕಿರಲಿಲ್ಲ. ಈಗ ಸಿಕ್ಕ ಸಂತೋಷಕ್ಕೆ ಊವೆಯ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಗಾಡಿಗೆ ಏನೂ ಆಗಿಲ್ಲ ಎಂದು ಲೈಲ್ ಹೇಳಿದ್ದನ್ನು ಅವನು ಧೈರ್ಯವೆಂದು ತಿಳಿದು ಬೆನ್ನು ತಟ್ಟಿದ. ಗಿಸೆಲಾ ನೋರೀನಳನ್ನು ಕೈಹಿಡಿದು ಇಳಿಸಿ, ಬಾಗಿಲ ಮೆಟ್ಟಿಲ ಮೇಲೆ ಕೂರಿಸಿ, ಅಪಘಾತವಾದವರಿಗೆ ಹೊದಿಸುವ ಬೆಳ್ಳಿಬಣ್ಣದ ಹೊದಿಕೆಯೊಂದನ್ನು ಸುತ್ತಿದಳು. ಜೂನ್ ತಿಂಗಳ ಬಿಸಿಲು, ಕೆಳಗಿನಿಂದ ಸೊಳ್ಳೆ, ಮೇಲಿಂದ ಇದು.

"ನಂಗೇನಾಗಿದೆ ತಾಯಿ? ಬಿಡು!"

"ಅಲುಗಾಡಬೇಡಿ. ಆಘಾತವಾದವರಿಗೆ ಆಘಾತವಾದದ್ದು ತಿಳಿಯುವುದಿಲ್ಲ" ಎಂದಳು ಗಿಸೆಲಾ.

ಊವೆ ಬಾನೆಟ್ ಎತ್ತಿ ಒಂದೊಂದೇ ವೈರನ್ನು ಎಳೆದು ಪರೀಕ್ಷಿಸತೊಡಗಿದ. ಈಗಲ್ ಪ್ಲೇನ್ಸ್‌ನಲ್ಲಿ ಊಟ ಮುಗಿಸಿ ಬಂದ ಡುವೇನ್ ಇವರನ್ನು ನೋಡಿ ಲಾರಿಯಿಂದ ಹಾರಿಯೇ ಇಳಿದ. "ಬೆಳಿಗ್ಗೆನೇ ನಂಗೆ ಅನುಮಾನ ಇತ್ತು! ಹೇಳ್ಲಿಲ್ವಾ ನಾನು?" ಅವನು ಗಾಡಿಯ ಅಡಿಗೆ ತೂರಿಕೊಂಡ. ಆಮೇಲೆ ಬಂದವಳು ಎಫೀ ಅಜ್ಜಿ. ಫೋರ್ಟ್ ಮ್ಯಾಕ್‌ಫರ್ಸನ್ನಿನ ಗ್ವಿಚಿನ್ ಬುಡಕಟ್ಟಿನ ಮುದುಕಿ, ಪಿಕಪ್ಪಿನ ತುಂಬ ಹಿಟ್ಟಿನ ಚೀಲ, ಮರಿಮೊಮ್ಮಗನ ಡೈಪರು. ಅವಳು ಇಂಜಿನ್ ಕಡೆ ತಿರುಗಿಯೂ ನೋಡಲಿಲ್ಲ. ಇದು ಬೇಗ ಮುಗಿಯುವ ಕೆಲಸವಲ್ಲವೆಂದು ಕಂಡುಕೊಂಡವಳಂತೆ ರಸ್ತೆಬದಿಗೆ ಒಲೆ ಹೂಡಿ ಚಹಾಕ್ಕೆ ನೀರಿಟ್ಟಳು, ಒಣಮೀನು ಬಿಚ್ಚಿದಳು.

ಇಷ್ಟಾದರೂ ನೋರೀನ್ ತಡೆದುಕೊಳ್ಳುತ್ತಿದ್ದಳೋ ಏನೋ. ತಲೆ ಕೆಡಿಸಿದ್ದು ಲೈಲ್. ನಾಲ್ಕು ಜನ ಸೇರಿದ್ದೇ ತಡ ಅವನ ಮೈಗೆ ಹುರುಪು ಬಂದಿತ್ತು. ಏನೂ ಆಗಿಲ್ಲ, ಏನೂ ಆಗಿಲ್ಲ ಎನ್ನುತ್ತಿದ್ದವನು ಮೆಲ್ಲಗೆ ಬಾನೆಟ್ಟಿನೊಳಗೆ ಬಗ್ಗಿ, "ಅಲ್ಲ, ಈ ಬೆಲ್ಟ್ ಒಂಚೂರು ಸಡಿಲ ಅನ್ಸುತ್ತೆ ಅಲ್ವಾ?" ಎಂದ. ಕೆಡದ ಗಾಡಿಯ ಮೇಲೆ ಅವನಿಗೇ ಸಂಶಯ ಹತ್ತಿತು!

ನೋರೀನ್ ಬೆಳ್ಳಿ ಹೊದಿಕೆಯನ್ನು ಕಿತ್ತೆಸೆದು ಎದ್ದಳು.

"ಗಾಡಿಗೆ ಏನೂ ಆಗಿಲ್ಲ! ನಾನು ಇವನನ್ನ ಬಿಟ್ಟು ಹೋಗ್ತಿದೀನಿ! ಅಷ್ಟು ಹೇಳೋಕೆ ನಿಲ್ಸಿದ್ದು!"

ಎಲ್ಲರೂ ಇದ್ದಲ್ಲೇ ನಿಂತರು. ಸೊಳ್ಳೆಗಳು ಮಾತ್ರ ತಮ್ಮ ಕೆಲಸ ಮುಂದುವರಿಸಿದವು. ಡುವೇನ್ ಗಾಡಿಯ ಅಡಿಯಿಂದ ಹೊರಬಂದು ಕೈ ಒರೆಸಿಕೊಂಡ. ಇಂಥದ್ದಕ್ಕೆ ಏನು ಮಾಡಬೇಕೆಂದು ಅವನಿಗೆ ಗೊತ್ತಿರಲಿಲ್ಲ, ಗೊತ್ತಿದ್ದುದನ್ನೇ ಮಾಡಿದ.

"ಯಾವಾಗಿಂದ ಅಕ್ಕಾ?"

"ಏನು ಯಾವಾಗಿಂದ?"

"ಅಲ್ಲ, ಒಂದೇ ಸಲಕ್ಕೆ ನಿಂತ್ಹೋಯ್ತಾ, ಇಲ್ಲಾ ಮೊದ್ಲಿಂದ ಏನಾದ್ರೂ ಸದ್ದು ಬರ್ತಿತ್ತಾ?"

"ಏರಿನಲ್ಲಿ ಹೆಚ್ಚೋ, ಇಳಿಜಾರಿನಲ್ಲಿ ಹೆಚ್ಚೋ?" ಎಂದು ಊವೆ ಗಂಭೀರವಾಗಿ ಸೇರಿಸಿದ.

ನಗಬೇಕೋ ಹೊಡೆಯಬೇಕೋ ತಿಳಿಯದೆ ನೋರೀನ್ ಬಾಯಿಗೆ ಬಂದದ್ದನ್ನೆಲ್ಲ ಹೇಳಿಬಿಟ್ಟಳು. ಸದ್ದು ಮೊದಲಿನಿಂದಲೂ ಇತ್ತು. ಮದುವೆಯ ದಿನವೇ ಪಾದ್ರಿಯ ಜೀಪಿನ ಅಡಿಯಲ್ಲಿದ್ದ. ಅದಿರಲಿ, ಅದನ್ನು ನಗುತ್ತ ಹೇಳಬಹುದು. ಅಮ್ಮನ ಮಣ್ಣಿನ ದಿನ? "ನಾನು ಗುಂಡಿ ಹತ್ರ ಒಬ್ಳೇ ನಿಂತಿದ್ದೆ. ಹಿಂದೆ ಬರ್ತಿದೀನಿ ಅಂದೋನು ದಾರೀಲಿ ಯಾರದೋ ರೇಡಿಯೇಟರ್ ರಿಪೇರಿ ಮಾಡ್ತಾ ಕೂತ. ಮಣ್ಣು ಮುಚ್ಚಿ, ಜನ ಎಲ್ಲಾ ಹೋದ್ಮೇಲೆ ಬಂದ, ಕೈಯೆಲ್ಲಾ ಗ್ರೀಸು. ಆ ಕೈಯಿಂದ ನನ್ನ ಮುಟ್ಟೋಕೂ ಆಗ್ಲಿಲ್ಲ ಇವ್ನಿಗೆ. ಯಾರ್ ಗಾಡಿ ಅಂತ ಕೇಳಿದ್ರೆ ಗೊತ್ತಿಲ್ಲ ಅಂದ! ಗೊತ್ತಿಲ್ಲದೋರಿಗೆಲ್ಲ ನಿಲ್ತಾನೆ ಕಣ್ರಯ್ಯ, ನನಗೊಬ್ಳಿಗೆ ನಿಲ್ಲಲ್ಲ!"

ಎಲ್ಲರೂ ಲೈಲ್‌ನ ಮುಖ ನೋಡಿದರು. ಅವನು ಏನಾದರೂ ಹೇಳುತ್ತಾನೆಂದು ನೋರೀನ್ ಕಾದಳು. ಹೇಳಿದ್ದರೆ ಏನಾಗುತ್ತಿತ್ತೋ. ಅವನು ತುಟಿ ಅಲುಗಿಸಿದ, ಕೆಮ್ಮಿದ, ಮತ್ತೆ ಬಾನೆಟ್ಟಿನೊಳಗೆ ತಲೆ ಹಾಕಿದ.

ಸಾಕಾಯಿತು ಅವಳಿಗೆ. ಒಳಗಿನಿಂದ ತನ್ನ ಚೀಲ ತಂದು ಎಫೀ ಅಜ್ಜಿಯ ಪಿಕಪ್ಪಿಗೆ ಎಸೆದು, ಮುಂದಿನ ಸೀಟಿನಲ್ಲಿ ಕುಳಿತು ಬಾಗಿಲು ಧಡಾರನೆ ಹಾಕಿಕೊಂಡಳು. "ಅಜ್ಜಿ, ಇನೂವಿಕ್‌ಗೆ ಬಿಡು ನನ್ನ. ನಾಳೆ ವಿಮಾನ ಇದೆ."

"ಬಿಡ್ತೀನಿ ಮಗಳೇ. ಈ ಗಾಡಿ ಹೊರಡ್ಲಿ."

"ಇದಕ್ಕೂ ಅದಕ್ಕೂ ಏನ್ ಸಂಬಂಧ?"

"ನಿಂತ ಗಾಡೀನ ಬಿಟ್ಟು ಹೇಗ್ ಹೋಗೋದು? ಚೆನ್ನಾಗ್ ಹೇಳ್ತೀಯಲ್ಲ."

"ಅದು ಕೆಟ್ಟಿಲ್ಲ ಅಜ್ಜಿ! ಲೈಲ್, ಶುರು ಮಾಡಿ ತೋರ್ಸೋ!"

ಲೈಲ್ ಬಾನೆಟ್ಟಿನಿಂದ ತಲೆ ತೆಗೆಯಲಿಲ್ಲ, ಡುವೇನೇ ಹೋಗಿ ಕೀಲಿ ತಿರುಗಿಸಿದ. ಗಾಡಿ ಗೊರ್ ಎಂದಿತು, ಅಷ್ಟೇ. ಇನ್ನೊಮ್ಮೆ ತಿರುಗಿಸಿದ. ಗೊರ್. ಊವೆಯ ಪರೀಕ್ಷೆಯ ಫಲ ಅದು. ಬೆಳಗಿನಿಂದ ಕುದುರೆಯಂತೆ ಓಡಿದ್ದ ಗಾಡಿ, ಇಷ್ಟು ಜನರ ಉಪಕಾರದಿಂದ ಕೊನೆಗೂ ಕೆಟ್ಟಿತ್ತು.

"ಕೆಟ್ಟಿದೆ!" ಎಂದು ಊವೆ ಎರಡೂ ಕೈ ಎತ್ತಿದ.

ಇನ್ನೇನು, ಎಲ್ಲರೂ ಲೈಲ್‌ನ ಸುತ್ತ ನಿಂತರು. ಅವನು ಕೈಯಾಡಿಸಿದ. ಫಿಲ್ಟರು ಬಿಚ್ಚಿ ಊದಿದ. ಬ್ಯಾಟರಿ ನೋಡಿದ. ಮತ್ತೆ ಫಿಲ್ಟರು ಬಿಚ್ಚಿ ಊದಿದ. ಸಿಗ್ನಲಿನಲ್ಲಿ ನಿಂತ ಗಾಡಿಯ ಸದ್ದು ಕೇಳಿಯೇ ಎಲ್ಲಿ ಏನಾಗಿದೆ ಎನ್ನುವ ಮನುಷ್ಯ, ಕೂಸಿನ ಹಾಗೆ ತಡಕಾಡುತ್ತಿದ್ದ. ಪಿಕಪ್ಪಿನಲ್ಲಿ ಕೂತು ಕೂತು ಬೇಸತ್ತು ನೋರೀನ್ ಇಳಿದು ಬಂದಳು. ನೋಡುತ್ತಾಳೆ, ಇಂಜಿನ್ನಿಗೆ ಕಿಡಿ ಕೊಡುವ ಕಾಯಿಲ್‌ನಿಂದ ಕಿತ್ತುಬಂದ ದಪ್ಪ ಕಪ್ಪು ವೈರೊಂದು ಅವನ ಮೂಗಿನೆದುರಿಗೇ ನೇತಾಡುತ್ತಿದೆ. ಕುರುಡನಿಗೂ ಕಾಣಬೇಕು. ಡುವೇನ್ ಅದನ್ನು ನೋಡಿ ಆಕಾಶ ನೋಡುತ್ತಿದ್ದ. ಊವೆ ಬೆರಳು ತೋರಿಸಿ ಬಾಯಿ ತೆರೆದ, ಎಫೀ ಅಜ್ಜಿ ಅವನ ಕಾಲು ತುಳಿದಳು.

"ಲೈಲ್" ಎಂದಳು ನೋರೀನ್. "ಆ ವೈರ್ ಕಾಣ್ತಿಲ್ವಾ ನಿಂಗೆ?"

ಅವನು ತಲೆಯೆತ್ತಲಿಲ್ಲ. "ಕಾಣ್ತಿದೆ."

"ಮತ್ತೆ? ಹಾಕು."

"ಹಾಕಿದ್ರೆ ಗಾಡಿ ಹೊರಡುತ್ತೆ."

"ಹೊರಡ್ಲಿ ಅಂತಾನೇ ತಾನೇ ಎಲ್ಲಾ ಕಾಯ್ತಿರೋದು?"

"ಹೊರಟ್ರೆ ನೀನೂ ಹೋಗ್ತೀಯ."

ಇಷ್ಟು ವರ್ಷದಲ್ಲಿ ಅವನು ರಿಪೇರಿ ಮಾಡದೆ ಬಿಟ್ಟ ವಸ್ತು ಇದೊಂದೇ. ಸಿಟ್ಟು ಇಳಿಯಲಿಲ್ಲ, ಅದರ ಜೊತೆಗೇ ಅಳು ನುಗ್ಗಿ ಬಂತು.

ಲೈಲ್ ಇಂಜಿನ್ನಿಗೇ ಹೇಳುವಂತೆ ಹೇಳಿದ. "ಅವತ್ತು ನಿಮ್ಮಮ್ಮನ ಮಣ್ಣಿನ ದಿನ... ನೀನು ಅಳ್ತಿರ್ತೀಯ ಅಂತ ಗೊತ್ತಿತ್ತು. ನಿನ್ ಹತ್ರ ನಿಂತು ಏನ್ ಹೇಳ್ಬೇಕು ಅಂತ ಗೊತ್ತಿರ್ಲಿಲ್ಲ. ದಾರೀಲಿ ಆ ಗಾಡಿ ಕಾಣಿಸ್ತು. ರೇಡಿಯೇಟರ್ ಗೊತ್ತಿತ್ತು."

ಡುವೇನ್ ಮೂಗು ಒರೆಸಿಕೊಂಡ. ಎಫೀ ಅಜ್ಜಿ ಒಲೆ ಆರಿಸಿ, ನೋರೀನಳ ಚೀಲವನ್ನು ಪಿಕಪ್ಪಿನಿಂದ ಇಳಿಸಿ ರಸ್ತೆಯ ಮೇಲಿಟ್ಟಳು. ಮನೆಗಾಡಿಯ ಒಳಗೂ ಅಲ್ಲ, ಪಿಕಪ್ಪಿನ ಒಳಗೂ ಅಲ್ಲ.

"ನಡೀರಿ ಎಲ್ಲಾ" ಎಂದಳು.

"ಆದರೆ ಈ ಗಾಡಿ ಇನ್ನೂ ಕೆಟ್ಟಿದೆ!" ಊವೆಗೆ ಅನ್ಯಾಯವೆನಿಸಿತು. "ಬಿಟ್ಟು ಹೋಗಬಾರದಲ್ಲವೇ?"

"ಹೌದು, ಕೆಟ್ಟಿದೆ. ನಡಿ ನೀನು." ಆಮೇಲೆ ನೋರೀನ್ ಕಡೆ ತಿರುಗಿ, "ನಾಳೆ ಬೆಳಿಗ್ಗೆ ಬರ್ತೀನಿ. ವಿಮಾನ ಹತ್ತೋದಿದ್ರೆ ಹತ್ತಿಸ್ತೀನಿ" ಎಂದಳು.

ಪಿಕಪ್ಪು ಹೋಯಿತು. ಜರ್ಮನಿಯವರು ತಿರುತಿರುಗಿ ನೋಡುತ್ತ ಹೋದರು. ಡುವೇನ್ ಲಾರಿಯವರು ಒಬ್ಬರಿಗೊಬ್ಬರು ಮಾತಾಡುವ ರೇಡಿಯೋದಲ್ಲಿ, ಬಯಲಲ್ಲಿ ಮನೆಗಾಡಿಯೊಂದು ನಿಂತಿದೆ, ಯಾರೂ ನಿಲ್ಲಿಸಬೇಡಿ, ದಮ್ಮಯ್ಯ, ಏನೂ ಕೇಳಬೇಡಿ ಎಂದು ಸಾರುತ್ತ ಹೋದ. ಕೆಟ್ಟು ನಿಂತ ಗಾಡಿಯನ್ನು ಆ ರಸ್ತೆಯಲ್ಲಿ ಜನ ಬಿಟ್ಟುಹೋದದ್ದು ಅದೇ ಮೊದಲು. ಆಮೇಲೆ ಬಂದವರೂ ಧೂಳು ಏಳದ ಹಾಗೆ ನಿಧಾನಕ್ಕೆ, ಮುಖ ಆಚೆ ತಿರುಗಿಸಿಕೊಂಡು ದಾಟಿದರು.

ನೋರೀನ್ ಮೆಟ್ಟಿಲ ಮೇಲೆ ಕುಳಿತು ಪಕ್ಕದಲ್ಲಿ ಜಾಗ ಬಿಟ್ಟಳು. ಲೈಲ್ ಅಂಗಿಗೆ ಕೈ ಒರೆಸಿಕೊಂಡು, ಸಾಲದೆಂದು ಪ್ಯಾಂಟಿಗೂ ಒರೆಸಿಕೊಂಡು ಬಂದು ಕುಳಿತ.

"ಹೇಳು ಈಗ. ರೇಡಿಯೇಟರ್ ಬಿಟ್ಟು ಬೇರೆ ಏನಾದ್ರೂ."

ಕೆಲಸ ಹುಡುಕಿಕೊಂಡು ಅವನ ಬೆರಳುಗಳು ಮೊಣಕಾಲ ಮೇಲೆ ಓಡಾಡಿದವು. ಏನೂ ಸಿಗಲಿಲ್ಲ.

"ಹೋಗ್ಬೇಡ" ಎಂದ.

"ಆಮೇಲೆ?" ಎಂದಳು ನೋರೀನ್.