ಹದಿನೇಳನೇ ನಂಬರಿನ ಲಾರಿ

ಪುಸ್ತಕದಂಗಡಿಯವನು ಫೋನ್ ಮಾಡಿ, "ಅಕ್ಕಾ, ಒಂದು ಸಿನಿಮಾ ಪುಸ್ತಕ ಬಂದಿದೆ. ನೀವು ಹೊಲಿದ ಕೋಟು ಅದರಲ್ಲಿದೆ, ಬಂದು ನೋಡ್ಕೊಂಡು ಹೋಗಿ" ಎಂದಾಗ ದರ್ಜಿಯಕ್ಕ ಕೈಲಿದ್ದ ಕೆಲಸ ಹಾಗೇ ಬಿಟ್ಟು ಹೊರಟಳು. ಮೂವತ್ತೆರಡು ವರ್ಷ ಒಂದೇ ನಾಟಕ ಕಂಪನಿಗೆ ಬಟ್ಟೆ ಹೊಲಿದವಳು. ರಾಜನಿಂದ ಹಿಡಿದು ಕಾವಲುಗಾರನ ತನಕ ಎಲ್ಲರ ಸೊಂಟದ ಸುತ್ತಳತೆ ಅವಳಿಗೆ ಬಾಯಿಪಾಠ. ಅವಳ ಹೆಸರು ಮಾತ್ರ ಯಾವ ಕರಪತ್ರದಲ್ಲೂ ಅಚ್ಚಾಗಿರಲಿಲ್ಲ.

ಅಂಗಡಿ ರೈಲು ಡಬ್ಬಿಯಷ್ಟು ಉದ್ದ, ರೈಲು ಡಬ್ಬಿಯಷ್ಟೇ ಅಗಲ. ಒಂದು ಗೋಡೆಯ ತುಂಬ ಮೂರೇ ಬಗೆಯ ಪುಸ್ತಕ: ಯುದ್ಧ, ನಾಟಕ, ಸಿನಿಮಾ. ಬೇರೆ ಯಾವುದೂ ತನಗೆ ಅರ್ಥವಾಗೋದಿಲ್ಲ ಅನ್ನುತ್ತಿದ್ದ ಅಂಗಡಿಯವನು. "ಮೂರರಲ್ಲೂ ಒಂದೇ ಕಸುಬು ಅಕ್ಕಾ. ಸಾಯೋರು ಒಬ್ಬರು, ಚಪ್ಪಾಳೆ ಇನ್ನೊಬ್ಬರಿಗೆ."

ಅವಳು ಬೆರಳ ತುದಿಯಿಂದ ಪುಸ್ತಕಗಳ ಬೆನ್ನುಗಳನ್ನು ಸವರುತ್ತ ನಿಧಾನ ನಡೆದಳು. ಟ್ಯಾಂಕುಗಳ ಪುಸ್ತಕ, ಮುಳುಗಿದ ಹಡಗುಗಳ ಪುಸ್ತಕ, ಯಾವುದೋ ದಂಡನಾಯಕನ ಪತ್ರಗಳು. ಅವುಗಳ ಪಕ್ಕ ಏಕಾಂಕಗಳ ಸಂಪುಟ, ಬಣ್ಣ ಹಚ್ಚುವುದು ಹೇಗೆಂಬ ಕೈಪಿಡಿ. ಆಮೇಲೆ ತಾರೆಯರ ಮುಖಗಳು. ಸೈನಿಕರ ಚಿತ್ರ ಕಂಡಲ್ಲೆಲ್ಲ ನಿಂತು ಹೊಲಿಗೆ ನೋಡಿದಳು. ಅಭ್ಯಾಸಬಲ.

ಸಿನಿಮಾ ಪುಸ್ತಕವನ್ನು ಅಂಗಡಿಯವನು ಮೇಜಿನ ಮೇಲೆ ಬಿಡಿಸಿಟ್ಟಿದ್ದ. ಇಡೀ ಪುಟದಲ್ಲಿ ದೊಡ್ಡ ನಟ, ಮೈಮೇಲೆ ಅವಳ ಕೋಟು. ಬೇಕಾದ್ದಕ್ಕಿಂತ ನಾಲ್ಕು ಬೆರಳು ಉದ್ದದ ತೋಳು, ಓಡುವಾಗ ಬೆನ್ನ ಮೇಲೆ ಚರ್ರೆಂದು ಹರಿದುಕೊಳ್ಳಬೇಕಾದ ಹೊಲಿಗೆ. ಕಂಪನಿಯ ಬಹಳ ಓಡಿದ ನಾಟಕದ ಹೇಡಿ ಚಾಲಕನ ಪಾತ್ರಕ್ಕೆ ಹೊಲಿದದ್ದು; ನಾಟಕ ಸಿನಿಮಾ ಆದಾಗ ಕೋಟೂ ಜೊತೆಗೆ ಹೋಗಿತ್ತು. ಗಾಯಾಳುಗಳನ್ನು ಬಿಟ್ಟು ಓಡಿಹೋಗುವ ಆ ಪಾತ್ರವನ್ನು ಎಲ್ಲರೂ ಲಾರಿಯ ನಂಬರಿನಿಂದ 'ಹದಿನೇಳು' ಅಂತಲೇ ಕರೆಯುತ್ತಿದ್ದರು. ಬೆನ್ನು ಹರಿಯುವ ಉಪಾಯ ಅವಳದ್ದೇ. ಮೊದಲ ಪ್ರದರ್ಶನದಲ್ಲಿ ಜನ ಹೊಟ್ಟೆ ಹಿಡಿದು ನಕ್ಕಾಗ ಅವಳೂ ಪರದೆಯ ಪಕ್ಕ ನಿಂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದಳು. ಚಿತ್ರದ ಕೆಳಗೆ ವಸ್ತ್ರವಿನ್ಯಾಸ ಅಂತ ಇನ್ಯಾರದೋ ಹೆಸರಿತ್ತು.

"ಬಿಡಿ ಅಕ್ಕಾ," ಎಂದ ಅಂಗಡಿಯವನು, ಅವಳ ಮುಖ ನೋಡಿ. "ಅಂದ ಹಾಗೆ, ಆ ಹದಿನೇಳು ಅನ್ನೋನು ನಿಜವಾಗಿ ಇದ್ದನಂತೆ. ಒಬ್ಬ ಸೇನಾಧಿಕಾರಿಯ ಆತ್ಮಕಥೆಯಿಂದ ನಾಟಕ ಮಾಡಿದ್ದು. ಆದರೆ ಅದೇ ದಳದ ಡಾಕ್ಟರು ಬರೆದದ್ದು ಬೇರೆ ಥರ ಇದೆ." ಏಣಿ ಹತ್ತಿ ಯುದ್ಧದ ಸಾಲಿನಿಂದ ತೆಳ್ಳಗಿನದೊಂದನ್ನು ಇಳಿಸಿದ. "ನೂರಾ ಹನ್ನೆರಡನೇ ಪುಟ."

ಅವಳು ನಿಂತೇ ಓದಿದಳು. ಸೇನೆ ಹಿಂದೆ ಸರಿದ ದಿನ ಹದಿನೇಳನೇ ನಂಬರಿನ ಲಾರಿಯಲ್ಲಿದ್ದ ಗಾಯಾಳುಗಳನ್ನು ಅಧಿಕಾರಿ ಕೆಳಗಿಳಿಸಿದ. ತನ್ನ ಪೆಟ್ಟಿಗೆಗಳನ್ನು ಏರಿಸಿಕೊಂಡು ತಾನೇ ಲಾರಿ ಓಡಿಸಿಕೊಂಡು ಹೋದ. ಚಾಲಕ ಅಲ್ಲೇ ಉಳಿದ. ಮೂವರನ್ನು ಒಬ್ಬೊಬ್ಬರಾಗಿ ಬೆನ್ನ ಮೇಲೆ ಹೊತ್ತು ಸೇತುವೆ ದಾಟಿಸಿದ. ನಾಲ್ಕನೆಯವನಿಗಾಗಿ ತಿರುಗಿದಾಗ ಸೇತುವೆಯೇ ಇರಲಿಲ್ಲ. ಓಡಿಹೋದ ಅಪವಾದ ಅವನ ತಲೆಗೇ ಬಂತು. ನನ್ನ ಹೇಳಿಕೆಯನ್ನು ಯಾರೂ ಕೇಳಲಿಲ್ಲ ಎಂದು ಬರೆದ ಡಾಕ್ಟರು ಚಾಲಕನ ಹೆಸರನ್ನೂ ಕೊಟ್ಟಿದ್ದರು. ಅವಳ ಅಣ್ಣನ ಹೆಸರು. ಅದರ ಹಿಂದೆ ಅಪ್ಪನ ಹೆಸರು.

ಅವಳು ಆ ಸಾಲನ್ನು ಮತ್ತೊಮ್ಮೆ ಓದಿದಳು. ಅಂಗಡಿಯವನು ಸ್ಟೂಲು ಎಳೆದ. ಅವಳು ಕೂರಲಿಲ್ಲ.

ಯುದ್ಧದಿಂದ ಬಂದ ಅಣ್ಣ ಮತ್ತೆ ಯಾವ ಗಾಡಿಯನ್ನೂ ಮುಟ್ಟಿರಲಿಲ್ಲ. ಅತ್ತಿಗೆಯ ಜೊತೆ ಇಸ್ತ್ರಿ ಅಂಗಡಿಯಲ್ಲಿ ನಿಂತ. ಏನಾಯ್ತೋ ಅಂತ ಕೇಳಿದರೆ, "ಆಗಿದ್ದು ಆಯ್ತು" ಅನ್ನುತ್ತಿದ್ದ. ಆ ನಾಟಕಕ್ಕೆ ಅವನನ್ನು ಹಟ ಹಿಡಿದು ಕರೆದೊಯ್ದವಳು ಅವಳೇ. ಹದಿನೇಳು ರಂಗಕ್ಕೆ ಬಂದು ಸ್ವಲ್ಪ ಹೊತ್ತಿಗೆಲ್ಲ ಅಣ್ಣ ಎದ್ದು ಹೊರಟ. ಅವಳು ಬೀದಿವರೆಗೆ ಅಟ್ಟಿಸಿಕೊಂಡು ಹೋಗಿ, "ಮುಂದಿನ ಸಾಲಲ್ಲಿ ಕೂರಿಸಿದ್ರೆ ಎದ್ದು ಬರ್ತೀಯಲ್ಲ! ನನ್ನ ಕೆಲಸ ನಿನ್ನ ಕಣ್ಣಿಗೆ ಕಸ ಅಲ್ವಾ?" ಎಂದು ಕೂಗಾಡಿದ್ದಳು. ಅಣ್ಣ, "ಕೋಟು ಚೆನ್ನಾಗಿ ಹೊಲಿದಿದ್ದೀಯ" ಎಂದಷ್ಟೇ ಹೇಳಿ ನಡೆದ. ಅದನ್ನು ಅವಳು ಕೊಂಕು ಅಂದುಕೊಂಡಳು. ಹನ್ನೊಂದು ವರ್ಷ ಮಾತು ಬಿಟ್ಟಳು. ಮತ್ತೆ ನೋಡಿದ್ದು ಬಿಳಿ ಬಟ್ಟೆ ಹೊದಿಸಿದ ಮೇಲೆಯೇ.

ಅಂಗಡಿಯಿಂದ ಹೊರಬಂದು, ಫುಟ್‌ಪಾತಿನ ಮೇಲೆ ನಿಂತೇ ನಾಟಕದ ನಿರ್ದೇಶಕನಿಗೆ ಫೋನ್ ಹಚ್ಚಿದಳು. "ಸರ್, ಹದಿನೇಳು ಯಾರು ಅಂತ ನಿಮಗೆ ಗೊತ್ತಿತ್ತಾ?"

ಆ ಕಡೆ ಗಂಟಲು ಸರಿಮಾಡಿಕೊಂಡ ಸದ್ದು. "ಮೊದಲು ಗೊತ್ತಿರಲಿಲ್ಲ ಕಣಮ್ಮ. ಆಮೇಲೆ ಯಾರೋ ಡಾಕ್ಟರು ಕಾಗದ ಬರೆದ್ರು. ಅಷ್ಟೊತ್ತಿಗೆ ನೂರು ಪ್ರದರ್ಶನ ಆಗಿಹೋಗಿತ್ತು. ಓಡೋ ನಾಟಕ ನಿಲ್ಲಿಸೋಕಾಗುತ್ತಾ?"

"ಕಾಗದದಲ್ಲಿ ಹೆಸರಿತ್ತಾ?"

"ಇತ್ತು. ನಿನ್ನ ಅಣ್ಣ ಅಂತ ತಿಳೀತು. ನೊಂದ್ಕೋತೀಯ ಅಂತ ನಿನಗೆ ಹೇಳಲಿಲ್ಲ."

"ಅವನು ನೊಂದ್ಕೊಳ್ಳಲ್ಲ ಅಂತ ಯಾರು ಹೇಳಿದ್ರು ನಿಮಗೆ?"

"ನೋಡು, ಅದು ನಾಟಕ. ಇತಿಹಾಸ ಅಲ್ಲ." ದನಿ ಬಿಗಿದು ಅಂದ: "ಅಷ್ಟಕ್ಕೂ ಆ ಬೆನ್ನು ಹರಿಯೋದು ಯಾರ ಉಪಾಯ? ಜನ ನಕ್ಕಿದ್ದು ಅದಕ್ಕೇ ತಾನೇ?"

ಅಷ್ಟು ಹೇಳಿ ಅವನು ಫೋನ್ ಇಟ್ಟ.

ಡಾಕ್ಟರ ಪುಸ್ತಕವನ್ನು ಕಂಕುಳಲ್ಲಿ ಅವುಚಿಕೊಂಡು ನೇರ ಅತ್ತಿಗೆಯ ಅಂಗಡಿಗೆ ಹೋದಳು. ಹಾದಿಯುದ್ದಕ್ಕೂ ಒಂದೇ ಆಸೆ: ಇದನ್ನು ಓದಿ ಹೇಳಿದರೆ ಅತ್ತಿಗೆ ಅತ್ತಾಳು, ತಾನೂ ಅತ್ತೇನು, ಇಬ್ಬರ ಎದೆಯೂ ಹಗುರಾದೀತು.

ಅತ್ತಿಗೆ ಅಂಗಿಯೊಂದರ ಕಾಲರಿಗೆ ಇಸ್ತ್ರಿ ಒತ್ತುತ್ತಿದ್ದಳು. ನಾದಿನಿಯನ್ನು ಕಂಡು ಬಾ ಅನ್ನಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ. ದರ್ಜಿಯಕ್ಕ ಮೇಜಿನ ಅಂಚಿನಲ್ಲಿ ಪುಸ್ತಕ ತೆರೆದು ಆ ಪುಟವನ್ನು ಗಟ್ಟಿಯಾಗಿ ಓದಿದಳು. ಸೇತುವೆಯ ಸಾಲು ಬಂದಾಗಲೂ ಅತ್ತಿಗೆಯ ಕೈ ನಿಲ್ಲಲಿಲ್ಲ. ಕಾಲರು ಮುಗಿಸಿ, ತೋಳು ಮುಗಿಸಿ, ಅಂಗಿ ಮಡಚಿಟ್ಟ ಮೇಲೆ ಕೇಳಿದಳು:

"ಇದರಲ್ಲಿ ನನಗೆ ಗೊತ್ತಿಲ್ಲದ್ದು ಏನಿದೆ?"

"ನಿಮಗೆ ಗೊತ್ತಿತ್ತಾ ಅತ್ತಿಗೆ?"

"ಮದುವೆಗೆ ಮೊದಲೇ ಹೇಳಿದ್ರು. ಆ ನಾಲ್ಕನೆಯವನ ಕೂಗಿಗೆ ದಿನಾ ಬೆಚ್ಚಿ ಏಳೋರು. ಅದು ನಿನ್ನ ಪುಸ್ತಕದಲ್ಲಿದೆಯಾ?"

"ನನಗ್ಯಾಕೆ ಹೇಳಲಿಲ್ಲ?"

"ನಾಟಕದಿಂದ ಬಂದಾಗ ನಾನೇ ಅಂದೆ, ಹೋಗಿ ನಿಮ್ಮ ತಂಗಿಗೆ ಹೇಳಿ ಅಂತ. 'ಅವಳ ಅನ್ನಕ್ಕೆ ಕಲ್ಲು ಹಾಕಲಾ? ತಿಳಿದ್ರೆ ಕೆಲಸ ಬಿಡ್ತಾಳೆ' ಅಂದ್ರು." ಅತ್ತಿಗೆ ಮೊದಲ ಸಲ ತಲೆಯೆತ್ತಿ ನೋಡಿದಳು. "ಬಿಡ್ತಿದ್ದೆಯಾ?"

ದರ್ಜಿಯಕ್ಕ ಹೌದು ಅನ್ನಲು ಬಾಯಿ ತೆರೆದಳು. ಸಭಾಂಗಣ ತುಂಬಿದ ನಗು ಕಿವಿಗೆ ಬಂತು, ಅದರೊಳಗೆ ತನ್ನ ನಗುವೂ.

"ಒಡಹುಟ್ಟಿದವನು ಎದ್ದು ಹೋದಾಗ ಯಾಕೋ ಅಂತ ಒಂದು ಮಾತು ಕೇಳಲಿಲ್ಲ ನೀನು," ಎಂದಳು ಅತ್ತಿಗೆ. ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ತಡೆದುಕೊಳ್ಳಬಹುದಿತ್ತು. "ಹನ್ನೊಂದು ವರ್ಷ. ಎರಡು ಬೀದಿ ಆಚೆ ಇದ್ದೆ ನೀನು. ಅಂಗೈ ಹುಣ್ಣಿಗೆ ಕನ್ನಡಿ ಬೇಕಾಯ್ತು. ಅಚ್ಚಾಗಿ ಬಂದ ಮೇಲೆ ನಂಬಿದೆ."

"ತಪ್ಪಾಯ್ತು ಅತ್ತಿಗೆ."

"ನನ್ನ ಹತ್ರ ಹೇಳಿ ಏನು? ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ." ಅತ್ತಿಗೆ ಪುಸ್ತಕ ಮುಚ್ಚಿ ಅವಳ ಕಡೆ ಸರಿಸಿದಳು. "ತಗೊಂಡು ಹೋಗು. ಇಲ್ಲಿ ಜಾಗ ಇಲ್ಲ."

ದರ್ಜಿಯಕ್ಕ ಇನ್ನೂ ನಿಂತೇ ಇದ್ದಳು. ಗಿರಾಕಿಯೊಬ್ಬ ಗಂಟು ಹೊತ್ತು ಬಂದು, "ಸ್ವಲ್ಪ ಜರುಗ್ತೀರಾ?" ಎಂದ. ಅವಳು ಜರುಗಿದಳು. ಅತ್ತಿಗೆ ಗಂಟು ಬಿಚ್ಚಿ, ಮುದುರಿದ ಚಾದರವೊಂದನ್ನು ಕೊಡವಿ ಮೇಜಿನ ಮೇಲೆ ಹರಡಿದಳು, ಅದಕ್ಕೆ ನೀರು ಚಿಮುಕಿಸಿದಳು.